ಹುಳು ಮನೆಯ ಪಕ್ಕದಲ್ಲೇ ಬೆಸುಗೆ ಕೋಣೆ: ಒಂದೊಂದು ಸಲಕ್ಕೆ ಇಪ್ಪತ್ತು ಬೋರ್ಡ್ ಮಾಡಲು ಏನೇನು ಬೇಕು?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ತಲೆಮಾರಿನಿಂದ ರೇಷ್ಮೆ ಬೆಳೆಯುವ ಮನೆ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿ ಊರಿನಲ್ಲೇ ಉಳಿದುಕೊಂಡಿದ್ದೇನೆ. ಚಾಕಿ ಹುಳುವಿಗೆ (ಎಳೆಯ ಮರಿ ಹುಳುವಿಗೆ) 27ರಿಂದ 28 ಡಿಗ್ರಿ ಉಷ್ಣತೆ ಮತ್ತು ಶೇ. 85ರ ಆಸುಪಾಸಿನ ತೇವಾಂಶ ಬೇಕು; ಬೆಳೆದ ಹುಳುವಿಗೆ 24ರಿಂದ 25 ಡಿಗ್ರಿ ಮತ್ತು ಶೇ. 70ರಿಂದ 75 ಸಾಕು. ಅಪ್ಪ ಇದನ್ನೆಲ್ಲ ಗೋಡೆಗೆ ನೇತುಹಾಕಿದ ತಾಪಮಾಪಕ ನೋಡಿ, ರಾತ್ರಿ ಎರಡು ಸಲ ಎದ್ದು, ಕೈಯಿಂದಲೇ ಸರಿಪಡಿಸುತ್ತಿದ್ದರು. ಅವರ ನಿದ್ದೆ ಉಳಿಯಲೆಂದು ಉಷ್ಣತೆ ಮತ್ತು ತೇವಾಂಶ ಅಳೆದು, ಮಿತಿ ಮೀರಿದರೆ ಗಂಟೆ ಬಾರಿಸಿ, ರಿಲೇ (ವಿದ್ಯುತ್ತಿನಿಂದ ತಾನೇ ಬಡಿಯುವ ಸ್ವಿಚ್) ಮೂಲಕ, ನೀರನ್ನು ಮಂಜಿನಂತೆ ಚಿಮ್ಮಿಸುವ ಫಾಗರ್ ಮೋಟರ್ ಚಾಲೂ ಮಾಡುವ ಒಂದು ಪೆಟ್ಟಿಗೆಯನ್ನು ಮಾಡಿದೆ. ಅದನ್ನು ನೋಡಿದ ಅಕ್ಕಪಕ್ಕದ ಊರಿನವರು ತಮಗೂ ಬೇಕೆಂದರು. ಈಗ ಇಪ್ಪತ್ತು ಪೆಟ್ಟಿಗೆಗಳಿಗೆ ಮುಂಗಡ ಕೊಟ್ಟಿದ್ದಾರೆ.

ಇಲ್ಲಿಯವರೆಗೆ ಊಟದ ಮೇಜಿನ ಮೇಲೆ, 25 ವ್ಯಾಟಿನ ಸಾದಾ ಸೋಲ್ಡರಿಂಗ್ ಐರನ್ ಮತ್ತು ಅಂಗಡಿಯಲ್ಲಿ ಸಿಕ್ಕ ಡಬ್ಬಿ ಪೇಸ್ಟ್ ಬಳಸಿ ಆರು ಬೋರ್ಡ್ ಮಾಡಿದ್ದೇನೆ. ಅವುಗಳಲ್ಲಿ ಎರಡು ಕೆಟ್ಟವು. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಹುಳು ಮನೆ ತೊಳೆದು, ಮುಂದಿನ ಬೆಳೆಗೆ ಪೆಟ್ಟಿಗೆ ಹಾಕಿದಾಗ ಚಾಲೂ ಆಗಲಿಲ್ಲ. ಬಿಚ್ಚಿ ನೋಡಿದರೆ ಬೆಸುಗೆಯ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಇನ್ನೊಂದು ಪೆಟ್ಟಿಗೆ ತೇವಾಂಶವನ್ನು ಯಾವಾಗಲೂ ಐದಾರು ಅಂಕ ಕಡಿಮೆ ತೋರಿಸುತ್ತದೆ. ನಂಬಿ ಹಣ ಕೊಟ್ಟವರ ಬೆಳೆ ಈ ಪೆಟ್ಟಿಗೆಯ ಮೇಲೆ ನಿಂತಿರುವುದರಿಂದ, ಇನ್ನು ಮುಂದೆ ಅರೆಬರೆ ಕೆಲಸ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೋಣೆ ಖಾಲಿ ಇದೆ. ಒಂದು ಕಿಟಕಿ ಹುಳು ಮನೆಯ ಕಡೆಗೆ, ಇನ್ನೊಂದು ರಸ್ತೆಯ ಕಡೆಗೆ ಇದೆ. ಕೈಯಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ಇದೆ. ಈ ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕು? ಬೆಸುಗೆಯ ಹೊಗೆಯಿಂದ ಹುಳುವಿಗೆ ತೊಂದರೆಯಾದೀತೆ? ಅಪ್ಪನಿಗೆ ಇರುವ ಹೆದರಿಕೆ ಅದೊಂದೇ.

ಉತ್ತರ 1 (ತುಮಕೂರಿನಿಂದ)

ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಬಹಳ ವರ್ಷ ಜೋಡಣೆಯ ಮೇಜಿನ ಮುಂದೆ ಕುಳಿತು ಕೆಲಸ ಮಾಡಿದವನು. ನಿವೃತ್ತಿಯ ನಂತರ ಮನೆಯಲ್ಲಿ ಸಣ್ಣ ಬೋರ್ಡುಗಳನ್ನು ದುರಸ್ತಿ ಮಾಡುತ್ತೇನೆ. ನೀವು ಐರನ್ ಯಾವುದೆಂದು ಮೊದಲು ಕೇಳದೆ ಹಣ ಯಾವುದಕ್ಕೆ ಹಾಕಬೇಕೆಂದು ಕೇಳಿದ್ದು ಸಂತೋಷವಾಯಿತು, ಏಕೆಂದರೆ ನನ್ನ ಪ್ರಕಾರ ಮೊದಲ ರೂಪಾಯಿ ಹೋಗಬೇಕಾದದ್ದು ಐರನ್‌ಗೆ ಅಲ್ಲ, ಅರ್ಥಿಂಗ್‌ಗೆ.

ಹಿತ್ತಲಿನ ಕೋಣೆಗೆ ಮನೆಯಿಂದ ಎರಡೇ ತಂತಿ ಎಳೆದು ಮೂರು ಪಿನ್ನಿನ ಸಾಕೆಟ್ ಕೂರಿಸಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಫೇಸ್ ಮತ್ತು ಅರ್ತ್ ನಡುವೆ ಅಳೆಯಿರಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ ಬರುವಷ್ಟೇ, ಅಂದರೆ 230 ವೋಲ್ಟಿನ ಆಸುಪಾಸು, ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಅರ್ತ್ ಇಲ್ಲವೆಂದು ಕೆಲವರು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ತಂತಿಯನ್ನು ಅರ್ತ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಎಲ್ಲೋ ಒಂದು ಕಡೆ ನ್ಯೂಟ್ರಲ್ ತುಂಡಾದರೆ ನಿಮ್ಮ ಕೈಯಲ್ಲಿರುವ ಐರನ್ನಿನ ಲೋಹವೇ ಫೇಸ್ ಆಗುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ, ಆದ್ದರಿಂದ ಫೆಬ್ರವರಿಯಿಂದ ಮಳೆ ಬರುವವರೆಗೆ ಗುಂಡಿಗೆ ಆಗಾಗ ನೀರು ಹಾಕಬೇಕು. ಜೊತೆಗೆ ಆ ಕೋಣೆಗೆಂದೇ 30 ಮಿಲಿ ಆಂಪಿಯರಿನ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಒಂದು ಆರ್‌ಸಿಸಿಬಿ ಹಾಕಿಸಿ.

ಇದು ಪ್ರಾಣದ ಮಾತಾಯಿತು; ಬೋರ್ಡಿಗೂ ಇದು ಬೇಕು. ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್ನಿನ ಬಿಟ್ (ಐರನ್ನಿನ ಬಿಸಿ ತುದಿ) ಅರ್ತ್‌ಗೆ ಸೇರಿರುತ್ತದೆ; ಬಿಟ್ಟಿನಿಂದ ಪ್ಲಗ್ಗಿನ ಅರ್ತ್ ಪಿನ್ನಿಗೆ ಅಳೆದರೆ 2 ಓಮ್‌ಗಿಂತ ಕಡಿಮೆ ಬರಬೇಕು. ಗೋಡೆಯಲ್ಲಿ ಅರ್ತ್ ಇಲ್ಲದಿದ್ದರೆ ಇದು ವ್ಯರ್ಥ. ಮೈಯಲ್ಲಿ ಸೇರುವ ಸ್ಥಾಯಿ ವಿದ್ಯುತ್ತನ್ನು ಅರ್ತ್‌ಗೆ ಇಳಿಸುವ ಮಣಿಕಟ್ಟಿನ ಪಟ್ಟಿಯೂ ಹಾಗೆಯೇ. ಆ ಪಟ್ಟಿಯ ತಂತಿಯಲ್ಲಿ 1 ಮೆಗಾ ಓಮ್ ರೋಧ ಇರುತ್ತದೆ, ಕೈಗೆ ಕರೆಂಟ್ ತಗುಲಿದರೂ ಪ್ರಾಣಕ್ಕೆ ಅಪಾಯವಾಗದಿರಲೆಂದು. ಅದು ಇಲ್ಲದ ಬರೀ ತಂತಿಯನ್ನು ಕೈಗೆ ಸುತ್ತಿಕೊಳ್ಳಬಾರದು. ಒಣ ಹವೆಯ ತಿಂಗಳುಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಮತ್ತು ನೈಲಾನ್ ಬಟ್ಟೆ ಬಿಟ್ಟು ಹತ್ತಿಯ ಬಟ್ಟೆ ಉಟ್ಟು ಕುಳಿತರೆ ಅರ್ಧ ಕೆಲಸ ಆದಂತೆ.

ಇನ್ನು ಮೇಜು. ಗಡಿಯಾರ ಜೋಡಿಸುವವರ ಮೇಜು ಊಟದ ಮೇಜಿಗಿಂತ ಎತ್ತರ, ಹೆಚ್ಚುಕಡಿಮೆ ಎದೆಮಟ್ಟಕ್ಕೆ ಇರುತ್ತದೆ. ಮೊಣಕೈ ಎರಡೂ ಮೇಜಿನ ಮೇಲೆ ಊರಿಕೊಂಡರೆ ಬೆರಳು ನಡುಗುವುದಿಲ್ಲ, ಕತ್ತು ಬಗ್ಗುವುದಿಲ್ಲ. ನೀವು ಅಷ್ಟು ಎತ್ತರಕ್ಕೆ ಹೋಗಬೇಕಿಲ್ಲ, ಆದರೆ ಈಗಿನ ಮೇಜಿನ ಕಾಲುಗಳ ಕೆಳಗೆ ನಾಲ್ಕೈದು ಅಂಗುಲದ ಮರದ ತುಂಡು ಕೊಟ್ಟು ನೋಡಿ. ಇಪ್ಪತ್ತನೆಯ ಬೋರ್ಡ್ ಮಾಡುವ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಳಕು ಎಡದಿಂದಲೂ ಬಲದಿಂದಲೂ ಬರಲಿ. ಒಂದೇ ದೀಪವಾದರೆ ನಿಮ್ಮ ಕೈಯ ನೆರಳೇ ಬೆಸುಗೆಯ ಮೇಲೆ ಬೀಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ ಇರಲಿ, ವಯಸ್ಸಿನ್ನೂ ಚಿಕ್ಕದೆಂದು ಅದನ್ನು ಬಿಡಬೇಡಿ.

ಐರನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 60 ವ್ಯಾಟಿನ, ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ಸ್ಟೇಷನ್ ಕೊಳ್ಳಿ. ಜೊತೆಗೆ ಎರಡರಿಂದ ಎರಡೂವರೆ ಮಿಲಿಮೀಟರಿನ ಉಳಿಯಾಕಾರದ ಬಿಟ್ ತೆಗೆದುಕೊಳ್ಳಿ. ಸೂಜಿಯಂಥ ಬಿಟ್ ನೋಡಲು ಚೆಂದ, ಆದರೆ ಬಿಸಿಯನ್ನು ದಾಟಿಸುವುದಿಲ್ಲ. ಸಾದಾ ಐರನ್ ಸುಮ್ಮನೆ ಇಟ್ಟಾಗ ಅತಿಯಾಗಿ ಕಾಯುತ್ತದೆ, ಸಾಲಾಗಿ ಹತ್ತು ಬೆಸುಗೆ ಹಾಕುವಷ್ಟರಲ್ಲಿ ತಣ್ಣಗಾಗುತ್ತದೆ. ನಿಮ್ಮ ಮೊದಲ ಬೋರ್ಡಿಗೂ ಕೊನೆಯ ಬೋರ್ಡಿಗೂ ಗುಣ ಬೇರೆಯಾಗುವುದು ಅಲ್ಲಿಯೇ. ಬಿಟ್ಟಿನ ಮೇಲೆ ಕಬ್ಬಿಣದ ತೆಳು ಲೇಪ ಇರುತ್ತದೆ, ಅದಕ್ಕೆ ಅರ ಹಾಕಬೇಡಿ. ಹಿತ್ತಾಳೆಯ ಗುಂಗುರಿನಲ್ಲಿ ಒರೆಸಿ, ಕೆಲಸ ನಿಲ್ಲಿಸುವ ಮುನ್ನ ತುದಿಗೆ ಹೊಸ ಬೆಸುಗೆ ಸವರಿ ಆರಿಸಿ.

ಉತ್ತರ 2 (ಕೋಲಾರದಿಂದ)

ನಮಸ್ಕಾರ. ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬೋರ್ಡ್ ಜೋಡಣೆಯ ಸಾಲಿನಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಮಗು ಹುಟ್ಟಿದ ಮೇಲೆ ಮನೆಯಲ್ಲಿಯೇ ಸಣ್ಣ ಪ್ರಮಾಣದಲ್ಲಿ ಬೆಸುಗೆ ಕೆಲಸ ಮಾಡಿಕೊಡುತ್ತೇನೆ. ತುಮಕೂರಿನ ಹಿರಿಯರು ಅರ್ಥಿಂಗ್ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಊಟದ ಮೇಜು ಎಂಬ ಮಾತನ್ನು ಓದಿ ಮಾತ್ರ ಬರೆಯದೆ ಇರಲಾಗಲಿಲ್ಲ.

ಅಣ್ಣ, ಆ ಮೇಜಿನ ಮೇಲೆ ಇನ್ನು ಬೆಸುಗೆ ಹಾಕಬೇಡಿ. ಬಹಳ ಜನ ಹೊಗೆಯಲ್ಲಿ ಸೀಸ ಇರುತ್ತದೆಂದು ಹೆದರುತ್ತಾರೆ. ಬೆಸುಗೆಯ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ. ಹೊಗೆ ಬರುವುದು ಬೆಸುಗೆ ತಂತಿಯೊಳಗಿನ, ಬೆಸುಗೆ ಹಿಡಿಯಲು ನೆರವಾಗುವ ರೋಸಿನ್ ಫ್ಲಕ್ಸ್‌ನಿಂದ. ಆದರೆ ಆ ಹೊಗೆಯೇನೂ ನಿರಪಾಯಕಾರಿಯಲ್ಲ, ವರ್ಷಗಟ್ಟಲೆ ಕುಡಿದವರಿಗೆ ಉಬ್ಬಸ ಬರುವುದು ವೈದ್ಯರು ಗುರುತಿಸಿರುವ ವೃತ್ತಿರೋಗ. ಸೀಸ ದೇಹಕ್ಕೆ ಸೇರುವುದು ಕೈಯಿಂದ ಬಾಯಿಗೆ: ತಂತಿ ಹಿಡಿದ ಬೆರಳು, ಮೇಜಿನ ಮೇಲೆ ಉದುರಿದ ಹನಿ, ಬಿಡಿಭಾಗಗಳ ಕತ್ತರಿಸಿದ ತಂತಿಗಾಲಿನ ಚೂರು, ಅದರ ಮೇಲೆ ಇಟ್ಟ ತಟ್ಟೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಬೆಸುಗೆ ಕೋಣೆಗೆ ತಿಂಡಿ, ಕಾಫಿ ಬರಬಾರದು. ಹೊರಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಚೂರುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಬೇಕು. ನಿಮ್ಮ ಮನೆಯಲ್ಲಿ ಇನ್ನೊಂದು ಮಾತು ಸೇರಿಸಬೇಕು: ಅದೇ ಕೈಯಲ್ಲಿ, ಅದೇ ಅಂಗಿಯಲ್ಲಿ ಸೊಪ್ಪು ಕೊಯ್ಯಲು ಹೋಗಬಾರದು.

ಸೀಸ ಬೇಡವೆಂದರೆ ದಾರಿ ಇದೆ. ತವರ 63 ಮತ್ತು ಸೀಸ 37 ಭಾಗದ ತಂತಿ 183 ಡಿಗ್ರಿಗೆ ಒಮ್ಮೆಲೇ ಕರಗಿ, ಒಮ್ಮೆಲೇ ಗಟ್ಟಿಯಾಗುತ್ತದೆ. ಕಲಿಯುವವರಿಗೆ ಅದು ಸುಲಭ. ತವರ, ಬೆಳ್ಳಿ, ತಾಮ್ರ ಸೇರಿದ ಸೀಸರಹಿತ ತಂತಿ 217 ಡಿಗ್ರಿಯಿಂದ ಮೇಲೆ ಕರಗುವುದರಿಂದ ಬಿಟ್ಟನ್ನು 360 ಡಿಗ್ರಿಯ ಹತ್ತಿರ ಇಡಬೇಕು, ಬಿಟ್ ಬೇಗ ಸವೆಯುತ್ತದೆ, ಬೆಸುಗೆಯ ಮೇಲ್ಮೈ ಮಂಕಾಗಿ ಕಾಣುತ್ತದೆ. ಮೊದಲ ಇಪ್ಪತ್ತಕ್ಕೆ 63/37 ಬಳಸಿ ಕೈ ಪಳಗಿಸಿಕೊಂಡು, ಮಾರಾಟ ಬೆಳೆದಂತೆ ಸೀಸರಹಿತಕ್ಕೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಎರಡಕ್ಕೂ ಬಿಟ್ ಬೇರೆ ಇರಲಿ. ತಂತಿಯ ದಪ್ಪ 0.8 ಮಿಲಿಮೀಟರ್ ಇದ್ದರೆ ನಿಮ್ಮ ಕೆಲಸಕ್ಕೆ ಹೊಂದುತ್ತದೆ.

ಈಗ ಕಾರ್ಖಾನೆಯಲ್ಲಿ ಕಲಿತ ಒಂದು ವಿಷಯ. ಇಪ್ಪತ್ತು ಬೋರ್ಡನ್ನು ಒಂದಾದ ಮೇಲೆ ಒಂದರಂತೆ ಮುಗಿಸಬೇಡಿ, ಇಪ್ಪತ್ತನ್ನೂ ಒಟ್ಟಿಗೆ ಶುರುಮಾಡಲೂಬೇಡಿ. ಮೊದಲು ಒಂದೇ ಒಂದು ಬೋರ್ಡನ್ನು ಪೂರ್ತಿ ಜೋಡಿಸಿ, ಚಾಲೂ ಮಾಡಿ, ರಿಲೇ ಬಡಿಯುವವರೆಗೆ ಎಲ್ಲವನ್ನೂ ಪರೀಕ್ಷಿಸಿ. ಹೊಸದಾಗಿ ತಂದ ಕಂತಿನಲ್ಲಿ ರೆಸಿಸ್ಟರಿನ ಓಮ್ ಅಳತೆ ತಪ್ಪಾಗಿದ್ದರೆ, ಡಯೋಡಿನ ಗುರುತು ತಿರುವುಮುರುವಾಗಿದ್ದರೆ ಆ ಒಂದರಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಉಳಿದ ಹತ್ತೊಂಬತ್ತನ್ನು ಸಾಲಾಗಿ ಜೋಡಿಸಿ, ಒಂದು ಜಾಗದ ರೆಸಿಸ್ಟರನ್ನು ಎಲ್ಲ ಬೋರ್ಡಿಗೂ ಕೂರಿಸಿ ಮುಗಿಸಿ, ನಂತರ ಮುಂದಿನ ಜಾಗಕ್ಕೆ ಹೋಗಿ. ಗಿಡ್ಡನೆಯ ಬಿಡಿಭಾಗ ಮೊದಲು, ಎತ್ತರದ ರಿಲೇ ಮತ್ತು ಕನೆಕ್ಟರ್ ಕೊನೆಗೆ; ಹೀಗೆ ಮಾಡಿದರೆ ಬೋರ್ಡನ್ನು ಸ್ಪಂಜಿನ ಮೇಲೆ ಮಗುಚಿದಾಗ ಬಿಡಿಭಾಗಗಳು ಬೋರ್ಡಿಗೆ ಒತ್ತಿಕೊಂಡಿರುತ್ತವೆ. ಪ್ರತಿ ಬೋರ್ಡಿಗೂ ಒಂದು ಸಂಖ್ಯೆ ಬರೆದು, ಯಾವ ದಿನ ಮಾಡಿದ್ದು, ಯಾವ ಕಂತಿನ ಸೆನ್ಸರ್ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಕಿಲುಬು ಹಿಡಿದ ಎರಡು ಬೋರ್ಡುಗಳಿಗೆ ಅಂಥ ದಾಖಲೆ ಇದ್ದಿದ್ದರೆ ಕಾರಣ ಹುಡುಕುವುದು ಸುಲಭವಾಗುತ್ತಿತ್ತು.

ಬೆಸುಗೆ ಹಾಕುವಾಗ ಬಿಟ್ಟನ್ನು ಪ್ಯಾಡಿಗೂ (ಬೋರ್ಡಿನ ತಾಮ್ರದ ಬಿಲ್ಲೆಗೂ) ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ, ಒಂದು ಕ್ಷಣ ಬಿಟ್ಟು ತಂತಿಯನ್ನು ಎದುರು ಬದಿಯಿಂದ ಕೊಡಿ. ಎಲ್ಲ ಸೇರಿ ಎರಡು ಮೂರು ಸೆಕೆಂಡು. ಬಿಟ್ಟಿನ ಮೇಲೆ ಬೆಸುಗೆ ಕರಗಿಸಿಕೊಂಡು ಹೋಗಿ ಮೆತ್ತಿದರೆ ಫ್ಲಕ್ಸ್ ದಾರಿಯಲ್ಲೇ ಸುಟ್ಟುಹೋಗಿ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಆಗುತ್ತದೆ.

ಪ್ರಶ್ನೆ ಕೇಳಿದವರಿಂದ

ಹಿರಿಯರಿಗೂ ಅಕ್ಕನಿಗೂ ಕೃತಜ್ಞತೆಗಳು. ಹಿತ್ತಲಿನ ಸಾಕೆಟ್ಟಿನಲ್ಲಿ ಇಂದು ಬೆಳಿಗ್ಗೆ ಅಳೆದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 226 ವೋಲ್ಟ್ ಬಂತು, ಫೇಸ್ ಮತ್ತು ಅರ್ತ್ ನಡುವೆ ಮೀಟರ್ ಒಂದು ಕಡೆ ನಿಲ್ಲದೆ ಮೂವತ್ತು ನಲವತ್ತರಲ್ಲಿ ಓಡಾಡಿತು. ಬಿಚ್ಚಿ ನೋಡಿದರೆ ಮೂರನೆಯ ಪಿನ್ನಿಗೆ ತಂತಿಯೇ ಇರಲಿಲ್ಲ. ಇಷ್ಟು ದಿನ ಅದೇ ಸಾಕೆಟ್ಟಿನಿಂದ ಎಳೆದ ಎಕ್ಸ್‌ಟೆನ್ಷನ್ನಿನಲ್ಲಿ ಕೆಲಸ ಮಾಡಿದ್ದೇನೆ. ಎಲೆಕ್ಟ್ರಿಷಿಯನ್ ಬರುವವರೆಗೆ ಐರನ್ ಹಚ್ಚುವುದಿಲ್ಲ.

ಹುಳುವಿನ ಪ್ರಶ್ನೆ ಹಾಗೆಯೇ ಉಳಿದಿದೆ. ತೇವಾಂಶ ಕಡಿಮೆ ತೋರಿಸುವುದಕ್ಕೂ ಬೆಸುಗೆಗೂ ಸಂಬಂಧವಿದೆಯೇ ಎಂಬುದನ್ನೂ ಯಾರಾದರೂ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 3 (ಚಿಂತಾಮಣಿಯಿಂದ)

ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ನನ್ನ ಮಾವನವರ ಮನೆಯಲ್ಲಿ ಹುಳು ಸಾಕುತ್ತಾರೆ. ಆದ್ದರಿಂದ ನಿಮ್ಮ ತಂದೆಯವರ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಮತ್ತು ಅದು ಸರಿಯಾದ ಹೆದರಿಕೆ. ಬೀಡಿ ಸೇದಿದವರನ್ನು ಹುಳು ಮನೆಯೊಳಗೆ ಬಿಡದ ಮನೆಗಳು ನಮ್ಮವು. ಪಕ್ಕದ ಹೊಲದಲ್ಲಿ ಕೀಟನಾಶಕ ಹೊಡೆದರೆ ಆ ದಿನ ಆ ಬದಿಯ ಸೊಪ್ಪು ಕೊಯ್ಯುವುದಿಲ್ಲ. ರೋಸಿನ್ ಹೊಗೆಗೂ, ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಆಲ್ಕೋಹಾಲಿನ ಆವಿಗೂ ಅದೇ ಶಿಸ್ತು ಇರಲಿ.

ಹುಳು ಮನೆಯ ಕಡೆಗಿನ ಕಿಟಕಿಯನ್ನು ಕಾಯಂ ಆಗಿ ಮುಚ್ಚಿಬಿಡಿ, ಸಂದುಗಳಿಗೂ ಪಟ್ಟಿ ಹಚ್ಚಿ. ರಸ್ತೆಯ ಕಡೆಗಿನ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಮೇಜನ್ನು ಅದಕ್ಕೆ ಒತ್ತಿ ಹಾಕಿ, ಫ್ಯಾನಿನಿಂದ ಒಂದು ಅಗಲವಾದ ಬಾಗುವ ಕೊಳವೆಯನ್ನು ಬೋರ್ಡಿನ ಹತ್ತಿರಕ್ಕೆ, ಒಂದು ಗೇಣು ದೂರಕ್ಕೆ ತನ್ನಿ. ಹೊಗೆ ನಿಮ್ಮ ಮುಖದ ಮುಂದೆ ಹಾದು ಹೋಗದೆ ಆಚೆ ಕಡೆಗೆ ಎಳೆದುಕೊಳ್ಳಬೇಕು. ಕಂಪ್ಯೂಟರ್ ಫ್ಯಾನಿನ ಹಿಂದೆ ಇದ್ದಿಲಿನ ಸ್ಪಂಜು ಕಟ್ಟಿದ ಸಣ್ಣ ಸಾಧನಗಳು ವಾಸನೆಯನ್ನು ಸ್ವಲ್ಪ ತಗ್ಗಿಸುತ್ತವೆ, ಆದರೆ ಗಾಳಿಯನ್ನು ಮತ್ತೆ ಕೋಣೆಯೊಳಗೇ ಬಿಡುತ್ತವೆ. ನಿಮ್ಮ ಜಾಗಕ್ಕೆ ಅವು ಸಾಲವು. ಇನ್ನೊಂದು ಉಪಾಯ ಬೆಳೆಯ ಲೆಕ್ಕದಲ್ಲೇ ಇದೆ. ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ 25ರಿಂದ 28 ದಿನ. ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ತಿನ್ನುವುದು, ಆಗ ನಿಮಗೆ ಹೇಗೂ ಐರನ್ ಹಿಡಿಯಲು ಬಿಡುವಿರುವುದಿಲ್ಲ. ಬೆಸುಗೆ ಮತ್ತು ತೊಳೆಯುವ ಕೆಲಸವನ್ನು ಹಣ್ಣು ಹುಳು (ಗೂಡು ಕಟ್ಟಲು ಸಿದ್ಧವಾದ ಹುಳು) ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಏರಿ, ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ಮೇಲಿನ ಖಾಲಿ ದಿನಗಳಿಗೆ ಇಟ್ಟುಕೊಳ್ಳಿ. ಬಿಡಿಭಾಗ ಎಣಿಸುವುದು, ಪ್ರೋಗ್ರಾಂ ತುಂಬುವುದು, ಪೆಟ್ಟಿಗೆಗೆ ತೂತು ಕೊರೆಯುವುದು, ಹೊಗೆಯಿಲ್ಲದ ಇಂಥ ಕೆಲಸಗಳು ಬೆಳೆ ನಡೆಯುವಾಗ ಆಗಲಿ. ತೊಳೆದ ಆಲ್ಕೋಹಾಲನ್ನು ಹಿಪ್ಪುನೇರಳೆ ತೋಟದ ಕಾಲುವೆಗೆ ಚೆಲ್ಲಬೇಡಿ.

ಈಗ ಕಿಲುಬು. ನಿಮ್ಮ ಡಬ್ಬಿ ಪೇಸ್ಟಿನ ಮೇಲೆ ನನಗೆ ಬಲವಾದ ಅನುಮಾನವಿದೆ. ಲೋಹದ ತಗಡು, ನೀರಿನ ಪೈಪು ಬೆಸೆಯಲು ಮಾರುವ ಪೇಸ್ಟುಗಳಲ್ಲಿ ಝಿಂಕ್ ಕ್ಲೋರೈಡ್ ಇರುತ್ತದೆ. ಅದು ಬೋರ್ಡಿನ ಮೇಲೆ ಉಳಿದರೆ ತೇವ ಹೀರಿಕೊಂಡು ತಾಮ್ರವನ್ನು ತಿನ್ನುತ್ತದೆ. ಶೇ. 85 ತೇವಾಂಶ, ಅದರ ಮೇಲೆ ಬ್ಲೀಚಿಂಗ್ ಪುಡಿಯ ಕ್ಲೋರಿನ್, ಎರಡೂ ಸೇರಿದ ಹುಳು ಮನೆಗಿಂತ ಕಷ್ಟದ ಜಾಗ ಬೋರ್ಡಿಗೆ ಇನ್ನೊಂದಿಲ್ಲ. ತಂತಿಯೊಳಗಿನ ರೋಸಿನ್ನೇ ಸಾಕು. ಹೆಚ್ಚಿಗೆ ಬೇಕಾದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ರೋಸಿನ್ ಫ್ಲಕ್ಸನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತನ್ನಿ. ಬೆಸುಗೆ ಮುಗಿದ ಬೋರ್ಡನ್ನು ಆಲ್ಕೋಹಾಲ್ ಮತ್ತು ಬ್ರಷ್ಷಿನಿಂದ ಉಜ್ಜಿ, ಆ ಕೊಳೆ ಒಣಗುವ ಮೊದಲೇ ಹೊಸ ಆಲ್ಕೋಹಾಲಿನಿಂದ ಮತ್ತೊಮ್ಮೆ ತೊಳೆಯಿರಿ. ಇಲ್ಲದಿದ್ದರೆ ಫ್ಲಕ್ಸ್ ಹೋಗದೆ ಬೋರ್ಡಿನ ತುಂಬ ಹರಡಿಕೊಳ್ಳುತ್ತದೆ. ಐರನ್ ಆರಿಸಿದ ಮೇಲೆಯೇ ಈ ಕೆಲಸ. ಆಲ್ಕೋಹಾಲ್ ಕಿಡಿಗೆ ಕಾಯುತ್ತಿರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅಕ್ರಿಲಿಕ್ ಲೇಪವನ್ನು ಎರಡು ಸಲ ತೆಳುವಾಗಿ ಸಿಂಪಡಿಸಿ. ಕನೆಕ್ಟರುಗಳಿಗೆ ಟೇಪು ಸುತ್ತಿರಿ.

ತೇವಾಂಶ ಕಡಿಮೆ ತೋರಿಸುವುದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು, ಸೆನ್ಸರ್ ಬೋರ್ಡಿನ ಮೇಲೆಯೇ ಇದ್ದರೆ ಬೋರ್ಡಿನ ಬಿಸಿ ಅದಕ್ಕೆ ತಾಗುತ್ತದೆ. ಗಾಳಿ 25 ಡಿಗ್ರಿ, ಶೇ. 75 ಇದ್ದಾಗ ಸೆನ್ಸರ್ ತಾನು ಒಂದೇ ಒಂದು ಡಿಗ್ರಿ ಹೆಚ್ಚು ಕಾದಿದ್ದರೂ ಶೇ. 71ರ ಹತ್ತಿರ ತೋರಿಸುತ್ತದೆ. ಹಾಗಾಗಿ ಸೆನ್ಸರನ್ನು ಒಂದು ಮೊಳದ ಕೇಬಲ್ಲಿನ ತುದಿಗೆ ಹಾಕಿ, ಪೆಟ್ಟಿಗೆಯ ಹೊರಗೆ, ಹುಳುವಿನ ಹಾಸಿಗೆಯ ಮಟ್ಟಕ್ಕೆ ಇಳಿಬಿಡಿ. ಎರಡನೆಯದು ಬೆಸುಗೆಗೆ ಸಂಬಂಧಿಸಿದ್ದು. ತೇವಾಂಶದ ಸೆನ್ಸರಿನಲ್ಲಿ ತೇವ ಹೀರುವ ಒಂದು ತೆಳು ಪಾಲಿಮರ್ ಪದರ ಇರುತ್ತದೆ. ಅತಿಯಾದ ಶಾಖ, ಫ್ಲಕ್ಸ್ ಹೊಗೆ, ಆಲ್ಕೋಹಾಲ್ ಆವಿ, ಲೇಪದ ಸಿಂಪಡಣೆ, ಇವೆಲ್ಲ ಅದನ್ನು ಕೆಡಿಸುತ್ತವೆ. ಬೋರ್ಡ್ ತೊಳೆದು, ಲೇಪ ಒಣಗಿ, ಎಲ್ಲ ಮುಗಿದ ಮೇಲೆ ಸೆನ್ಸರನ್ನು ಕೊನೆಯದಾಗಿ ಜೋಡಿಸಿ. ಅದನ್ನು ಮಾತ್ರ ತೊಳೆಯಬೇಡಿ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ಒದ್ದೆ ಮರಳಿನ ಹದಕ್ಕೆ ಕಲಸಿ, ಗಾಳಿಯಾಡದ ಡಬ್ಬಿಯ ತಳದಲ್ಲಿ ಇಡಿ. ಅದರ ಮೇಲಿನ ಗಾಳಿಯ ತೇವಾಂಶ 25 ಡಿಗ್ರಿಯಲ್ಲಿ ಶೇ. 75.3ಕ್ಕೆ ಬಂದು ನಿಲ್ಲುತ್ತದೆ. 20ರಿಂದ 30 ಡಿಗ್ರಿಯವರೆಗೂ ಇದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸೆನ್ಸರನ್ನು ಉಪ್ಪಿಗೆ ತಾಗದಂತೆ ಒಳಗೆ ತೂಗುಹಾಕಿ, ಮುಚ್ಚಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಓದಿ. ನಿಮಗೆ ಬೇಕಾದ 70ರಿಂದ 85ರ ನಡುವೆಯೇ ಈ ಅಂಕ ಬೀಳುವುದು ನಮ್ಮ ಅದೃಷ್ಟ. ಹತ್ತು ಸೆನ್ಸರುಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟು, ಎರಡು ಮೂರು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದನ್ನು ಬದಿಗಿಡಿ, ಉಳಿದವುಗಳ ವ್ಯತ್ಯಾಸವನ್ನು ಪ್ರೋಗ್ರಾಂನಲ್ಲಿ ಸರಿಪಡಿಸಿ, ಕೋಲಾರದ ಸಹೋದರಿ ಹೇಳಿದ ನೋಟ್‌ಬುಕ್ಕಿನಲ್ಲಿ ಬೋರ್ಡ್ ಸಂಖ್ಯೆಯ ಮುಂದೆ ಬರೆದಿಡಿ.

ರಿಲೇ ಇರುವುದರಿಂದ ಒಂದು ಮಾತು. 230 ವೋಲ್ಟಿನ ತಾಮ್ರದ ಗೆರೆಗೂ ಕಡಿಮೆ ವೋಲ್ಟಿನ ಗೆರೆಗೂ ನಡುವೆ ನಾನು ವಿದ್ಯಾರ್ಥಿಗಳಿಗೆ ಕನಿಷ್ಠ 6 ಮಿಲಿಮೀಟರ್ ಬಿಡಲು ಹೇಳುತ್ತೇನೆ; ಹುಳು ಮನೆಯ ತೇವದಲ್ಲಿ 8 ಇದ್ದರೆ ಇನ್ನೂ ಒಳ್ಳೆಯದು. ಹೊಸ ಬೋರ್ಡನ್ನು ಮೊದಲ ಸಲ ಮೇನ್ಸ್‌ಗೆ ಕೊಡುವಾಗ 60 ವ್ಯಾಟಿನ ಬಲ್ಬ್ ಇರುವ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬಿನ ಮೂಲಕವೇ ಹಾದುಬರುವ ಪ್ಲಗ್ ಬೋರ್ಡ್) ಮೂಲಕವೇ ಕೊಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಆಮೇಲೆ ಎರಡು ದಿನ ಬಿಡದೆ ಓಡಿಸಿ.

ಪ್ರಶ್ನೆ ಕೇಳಿದವರಿಂದ

ಗುರುಗಳೇ, ಡಬ್ಬಿಯ ಹಿಂಬದಿ ಓದಿದೆ: ಝಿಂಕ್ ಕ್ಲೋರೈಡ್ ಎಂದೇ ಬರೆದಿದೆ. ಆ ಪೇಸ್ಟಿನಿಂದ ಮಾಡಿದ ಇನ್ನೂ ನಾಲ್ಕು ಪೆಟ್ಟಿಗೆಗಳು ಬೇರೆಯವರ ಹುಳು ಮನೆಗಳಲ್ಲಿವೆ. ಅವರಿಗೆಲ್ಲ ಫೋನ್ ಮಾಡಿ, ಈ ಬೆಳೆ ಮುಗಿದ ಕೂಡಲೇ ವಾಪಸು ತಂದು, ಹೊಸ ಬೋರ್ಡ್ ಹಾಕಿ ಕೊಡುವುದಾಗಿ ತಿಳಿಸಿದ್ದೇನೆ. ಅಲ್ಲಿಯವರೆಗೆ ಹಳೆಯ ತಾಪಮಾಪಕವನ್ನೂ ನೋಡುತ್ತಿರಬೇಕೆಂದು ಕೇಳಿಕೊಂಡಿದ್ದೇನೆ. ಮುಂಗಡ ಕೊಟ್ಟವರು ಒಂದು ಬೆಳೆ ಕಾಯಲು ಒಪ್ಪಿದ್ದಾರೆ. ಹುಳು ಮನೆಯ ಕಡೆಗಿನ ಕಿಟಕಿಯನ್ನು ಅಪ್ಪನೇ ಇಂದು ಸಂಜೆ ಇಟ್ಟಿಗೆಯಿಂದ ಮುಚ್ಚಿದರು.